ಓದುಗರ ಪ್ರಶ್ನೆಗಳಿಗೆ ಉತ್ತರ: ತೆರೆಯ ಮೇಲಿನ ಇಟಾಲಿಯನ್-ಅಮೆರಿಕನ್ನರು ಎಷ್ಟು ನಿಜ?

ಪ್ರಶ್ನೆ: ಮಾನ್ಯರೇ, ನಾನು ಬಹುಕಾಲದಿಂದ ಹಾಲಿವುಡ್ ಚಿತ್ರಗಳನ್ನು ನೋಡುತ್ತ ಬಂದವನು. ಇಟಲಿ ಮೂಲದ ಅಮೆರಿಕನ್ನರು ಕಾಣಿಸಿಕೊಂಡರೆಂದರೆ ಅಲ್ಲೊಬ್ಬ ಮಾಫಿಯಾ ದೊರೆ ಇರುತ್ತಾನೆ, ಸುತ್ತ ಸೂಟು ತೊಟ್ಟ ಹಂತಕರಿರುತ್ತಾರೆ, ಮನೆಯೊಳಗೆ ಒಲೆಯ ಮುಂದಿನಿಂದ ಕದಲದ ತಾಯಿ ಇರುತ್ತಾಳೆ, ಎಲ್ಲರೂ ಕೈಯಾಡಿಸುತ್ತ ಗಟ್ಟಿಯಾಗಿ ಮಾತನಾಡುತ್ತಾರೆ. ಈ ಚಿತ್ರಣದಲ್ಲಿ ನಿಜವೆಷ್ಟು, ಕಟ್ಟುಕತೆಯೆಷ್ಟು?

ಉತ್ತರ: ನೀವು ಹೇಳಿರುವ ಸಂಗತಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಊಟದ ಮೇಜಿನ ಗದ್ದಲ, ತಾಯಿಯ ಆಳ್ವಿಕೆ, ಮಾತಿನೊಂದಿಗೆ ಕುಣಿಯುವ ಕೈಗಳು, ಇವು ಬಹುಮಟ್ಟಿಗೆ ಬಲ್ಲವರು ಕಂಡು ಬರೆದ ವಿವರಗಳೇ. ಮಾಫಿಯಾ ದೊರೆ ಕೂಡ ಬರಿಯ ಕಲ್ಪನೆಯಲ್ಲ. ಅಂಥವರು ಇದ್ದರು, ಕೊಂದರು, ಜೈಲಿಗೂ ಹೋದರು. ಸುಳ್ಳು ಅಡಗಿರುವುದು ಪ್ರಮಾಣದಲ್ಲಿ. 1967ರಲ್ಲಿ ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಅಪರಾಧ ಆಯೋಗದ ಕಾರ್ಯಪಡೆಯು ದೇಶದಲ್ಲಿ ಮಾಫಿಯಾದ 24 ಗುಂಪುಗಳಿವೆಯೆಂದೂ ಅವುಗಳಲ್ಲಿ ಸುಮಾರು 5,000 ಸದಸ್ಯರಿದ್ದಾರೆಂದೂ ಅಂದಾಜು ಮಾಡಿತ್ತು. 1980ರ ಜನಗಣತಿಯಲ್ಲಿ ತಮ್ಮ ಮೂಲ ಇಟಲಿ ಎಂದು ಬರೆಸಿದವರ ಸಂಖ್ಯೆ ಸುಮಾರು 1 ಕೋಟಿ 20 ಲಕ್ಷ. ಈ ಎರಡು ಲೆಕ್ಕಗಳ ನಡುವೆ ಕೆಲವು ವರ್ಷಗಳ ಅಂತರವಿದ್ದರೂ, ಒಟ್ಟಿಗಿಟ್ಟು ನೋಡಿದಾಗ 10,000 ಜನರಲ್ಲಿ ಹೆಚ್ಚುಕಡಿಮೆ ನಾಲ್ವರು ಎಂದಾಗುತ್ತದೆ. ಸದಸ್ಯತ್ವ ಪಡೆಯದೆ ಅವರಿಗಾಗಿ ಕೆಲಸ ಮಾಡುತ್ತಿದ್ದವರನ್ನೂ ಸೇರಿಸಬೇಕು ಎಂದು ಹಟ ಹಿಡಿದು ಸಂಖ್ಯೆಯನ್ನು ಹತ್ತುಪಟ್ಟು ಹಿಗ್ಗಿಸಿದರೂ ಇನ್ನೂರಕ್ಕೆ ಒಬ್ಬನೂ ಸಿಗುವುದಿಲ್ಲ.

ಉಳಿದವರು ಯಾರು ಎಂಬುದನ್ನು ತಿಳಿಯಲು ವಲಸೆಯ ಕಥೆಯನ್ನು ಸ್ವಲ್ಪ ನೋಡಬೇಕು. 1880ರಿಂದ 1924ರವರೆಗೆ ಇಟಲಿಯಿಂದ ಅಮೆರಿಕಕ್ಕೆ ಬಂದವರು 40 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ದಕ್ಷಿಣದವರು: ನೇಪಲ್ಸ್ ಸುತ್ತಲಿನ ಕಂಪಾನಿಯಾ, ಕಲಾಬ್ರಿಯಾ, ಬಸಿಲಿಕಾಟಾ ಮತ್ತು ಸಿಸಿಲಿಯ ಬಡ ರೈತರು ಹಾಗೂ ಕೂಲಿಗಳು. 1861ರಲ್ಲಿ ಇಟಲಿ ಒಂದು ರಾಜ್ಯವಾಯಿತಾದರೂ ದಕ್ಷಿಣದ ಬಡವರ ಪಾಲಿಗೆ ಬಂದದ್ದು ತೆರಿಗೆಯ ಭಾರ ಮತ್ತು ಬದಲಾಗದ ಭೂಮಾಲೀಕರು. ಸಾಗರ ದಾಟಿದ ಮೇಲೆ ಅವರು ನೆಲ ಅಗೆದರು, ಇಟ್ಟಿಗೆ ಹೊತ್ತರು, ಕಲ್ಲಿದ್ದಲು ಗಣಿಗೆ ಇಳಿದರು; ಹೆಂಗಸರು ಹೊಲಿಗೆ ಕಾರ್ಖಾನೆಗಳನ್ನು ಸೇರಿದರು. 1907ರಲ್ಲಿ ವೆಸ್ಟ್ ವರ್ಜೀನಿಯಾದ ಮೊನೊಂಗಾ ಗಣಿಯಲ್ಲಿ ಸ್ಫೋಟವಾಗಿ ಸತ್ತ 360ಕ್ಕೂ ಹೆಚ್ಚು ಮಂದಿಯಲ್ಲಿ 171 ಜನ ಇಟಲಿಯವರು. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು ಸತ್ತ 146 ಮಂದಿಯಲ್ಲಿ ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ಹುಡುಗಿಯರು. ಸಿನಿಮಾಕ್ಕೆ ಬೇಕಾದ ದುರಂತವೆಲ್ಲ ಇಲ್ಲಿಯೇ ಇತ್ತು, ಆದರೆ ಹಾಲಿವುಡ್ಡಿನ ಕ್ಯಾಮೆರಾ ಗಾರೆ ಕೆಲಸದವನ ಕಡೆಗೆ ತಿರುಗಿದ್ದು ಅಪರೂಪ. ಇಟ್ಟಿಗೆ ಕಟ್ಟುವವರ ಬಾಳನ್ನು ಕುರಿತ ಪಿಯೆಟ್ರೊ ದಿ ಡೊನಾಟೊ ಅವರ ಕಾದಂಬರಿಯು 1949ರಲ್ಲಿ ಚಿತ್ರವಾದಾಗ, ಅದರ ನಿರ್ದೇಶಕ ರಾಜಕೀಯ ಕಾರಣಗಳಿಂದ ಕಪ್ಪುಪಟ್ಟಿಗೆ ಸೇರಿದ್ದರಿಂದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಆ ಕಥೆಯನ್ನು ಇಂಗ್ಲೆಂಡಿನಲ್ಲಿ ಚಿತ್ರೀಕರಿಸಬೇಕಾಯಿತು.

ಪ್ರಶ್ನೆ: ಈ ಪಡಿಯಚ್ಚು ಹುಟ್ಟಿದ್ದು 1972ರ ‘ದಿ ಗಾಡ್‌ಫಾದರ್’ ಚಿತ್ರದಿಂದ ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಇದು ಸರಿಯೇ?

ಉತ್ತರ: ಆ ಚಿತ್ರ ಪಡಿಯಚ್ಚಿಗೆ ಮೆರುಗು ಕೊಟ್ಟಿತು, ಅಚ್ಚು ಸಿನಿಮಾಕ್ಕಿಂತಲೂ ಹಳೆಯದು. 1890ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಪೊಲೀಸ್ ಮುಖ್ಯಸ್ಥರ ಕೊಲೆಯಾಯಿತು. ಆರೋಪ ಹೊತ್ತ ಇಟಾಲಿಯನ್ನರಲ್ಲಿ ಯಾರಿಗೂ ನ್ಯಾಯಾಲಯದಲ್ಲಿ ಶಿಕ್ಷೆಯಾಗದಿದ್ದಾಗ, 1891ರ ಮಾರ್ಚ್ 14ರಂದು ಜನರ ಗುಂಪೊಂದು ಜೈಲಿಗೆ ನುಗ್ಗಿ 11 ಮಂದಿಯನ್ನು ಕೊಂದುಹಾಕಿತು. ಆ ನಗರದ ಮೇಯರ್ ಇದಕ್ಕಾಗಿ ಅಧಿಕೃತವಾಗಿ ಕ್ಷಮೆ ಕೋರಿದ್ದು 2019ರಲ್ಲಿ. ಇಟಲಿಯವನು ಹುಟ್ಟಿನಿಂದಲೇ ಅಪರಾಧಿ, ಗುಪ್ತ ಸಂಘದ ಸದಸ್ಯ ಎಂಬ ನಂಬಿಕೆಯನ್ನು ಅಂದಿನ ಪತ್ರಿಕೆಗಳು ಹರಡಿದ್ದವು. ಸಿನಿಮಾ ಬಂದಾಗ ಅದನ್ನು ಎತ್ತಿಕೊಂಡಿತು. ಸುಲಿಗೆಕೋರರನ್ನು ಕುರಿತ ‘ದಿ ಬ್ಲ್ಯಾಕ್ ಹ್ಯಾಂಡ್’ ಎಂಬ ಕಿರುಚಿತ್ರ 1906ರಷ್ಟು ಹಿಂದಿನದು. ಸಹಾನುಭೂತಿಯ ಚಿತ್ರಗಳೂ ಇರಲಿಲ್ಲವೆಂದಲ್ಲ. 1915ರ ‘ದಿ ಇಟಾಲಿಯನ್’ ಚಿತ್ರದ ನಾಯಕ ವೆನಿಸ್‌ನ ದೋಣಿ ನಡೆಸುವವನು. ನ್ಯೂಯಾರ್ಕಿನಲ್ಲಿ ಬೂಟು ಪಾಲಿಶ್ ಮಾಡುತ್ತ, ಶುದ್ಧ ಹಾಲು ಸಿಗದೆ ತನ್ನ ಕೂಸನ್ನು ಕಳೆದುಕೊಳ್ಳುತ್ತಾನೆ. ಹೀಗೆ ಮೊದಲಿಗೆ ಎರಡು ಅಚ್ಚುಗಳಿದ್ದವು, ಚಾಕು ಹಿಡಿದವನು ಮತ್ತು ಕಣ್ಣೀರಿಡುವ ಬಡವ. ಗಲ್ಲಾಪೆಟ್ಟಿಗೆಗೆ ಮೊದಲನೆಯವನು ಹೆಚ್ಚು ಹಿಡಿಸಿದ.

ಅದಕ್ಕೆ 1920ರಿಂದ 1933ರವರೆಗಿನ ಪಾನನಿಷೇಧವೂ ಕಾರಣ. ಕಳ್ಳಸಾರಾಯಿಯ ವ್ಯಾಪಾರದಲ್ಲಿ ಐರಿಶ್, ಯಹೂದಿ, ಇಟಾಲಿಯನ್ ಗುಂಪುಗಳೆಲ್ಲ ಇದ್ದವು. ಆ ಕಾಲದ ಹೆಸರಾಂತ ಗೂಂಡಾಗಳಾದ ಡೀನ್ ಓಬ್ಯಾನಿಯನ್, ಡಚ್ ಶುಲ್ಟ್ಸ್, ಮೇಯರ್ ಲ್ಯಾನ್ಸ್ಕಿ ಇವರಲ್ಲಿ ಯಾರೂ ಇಟಲಿಯವರಲ್ಲ. ಆದರೆ ಸಿನಿಮಾದ ಕಣ್ಣು ನೆಟ್ಟದ್ದು ಬ್ರೂಕ್ಲಿನ್ನಿನಲ್ಲಿ ಹುಟ್ಟಿ ಷಿಕಾಗೋವನ್ನು ನಡುಗಿಸಿದ ಅಲ್ ಕಪೋನ್ ಮೇಲೆ. 1931ರ ‘ಲಿಟ್ಲ್ ಸೀಸರ್’ ಮತ್ತು 1932ರ ‘ಸ್ಕಾರ್‌ಫೇಸ್’ ಚಿತ್ರಗಳು ಈ ಬಗೆಯ ಪಾತ್ರಕ್ಕೆ ನಡಿಗೆ, ನುಡಿ, ಸಾವಿನ ಭಂಗಿ ಎಲ್ಲವನ್ನೂ ನಿಗದಿ ಮಾಡಿದವು. ಮೊದಲನೆಯದರ ನಾಯಕ ಎಡ್ವರ್ಡ್ ಜಿ. ರಾಬಿನ್ಸನ್ ಹುಟ್ಟಿದ್ದು ಬುಖಾರೆಸ್ಟಿನ ಯಹೂದಿ ಮನೆತನದಲ್ಲಿ. ಎರಡನೆಯದರ ಪಾಲ್ ಮ್ಯುನಿ ಕೂಡ ಪೂರ್ವ ಯುರೋಪಿನ ಯಹೂದಿ. ಇಟಾಲಿಯನ್ ಗೂಂಡಾ ಹೇಗೆ ಮಾತನಾಡುತ್ತಾನೆ ಎಂಬುದನ್ನು ಜಗತ್ತಿಗೆ ಕಲಿಸಿದ ಇಬ್ಬರೂ ಇಟಾಲಿಯನ್ನರಾಗಿರಲಿಲ್ಲ. ಸೆನ್ಸಾರ್ ಒತ್ತಡದಿಂದಾಗಿ ‘ಸ್ಕಾರ್‌ಫೇಸ್’ಗೆ ಸೇರಿದ ಒಂದು ದೃಶ್ಯದಲ್ಲಿ ಇಟಾಲಿಯನ್ನನೊಬ್ಬ, ಇಂಥವರಿಂದ ನಮ್ಮ ಜನಕ್ಕೆ ಕೆಟ್ಟ ಹೆಸರು ಎಂದು ನೊಂದು ಹೇಳುತ್ತಾನೆ. ಚಿತ್ರ ಅವನಿಗೆ ಕೊಡುವುದು ಆ ಒಂದು ಮಾತಿನ ಅವಕಾಶವನ್ನಷ್ಟೆ.

ಪ್ರಶ್ನೆ: ‘ದಿ ಗಾಡ್‌ಫಾದರ್’ ನಿರ್ದೇಶಿಸಿದ ಕೊಪೊಲ, ಅದರ ಮೂಲ ಕಾದಂಬರಿಯನ್ನು ಬರೆದ ಪುಜೊ, ನಿರ್ದೇಶಕ ಸ್ಕಾರ್ಸೆಸಿ ಇವರೆಲ್ಲ ಸ್ವತಃ ಇಟಾಲಿಯನ್-ಅಮೆರಿಕನ್ನರು. ತಮ್ಮವರನ್ನು ತಾವೇ ಚಿತ್ರಿಸಿದಾಗಲೂ ಅದನ್ನು ಪಡಿಯಚ್ಚು ಎನ್ನುವುದು ನ್ಯಾಯವೇ?

ಉತ್ತರ: ನಿಮ್ಮ ಪ್ರಶ್ನೆಯೇ ಈ ಇಡೀ ವಿಷಯದ ಗಂಟು. ಹೊರಗಿನವರು ಕಟ್ಟಿದ ಪಡಿಯಚ್ಚನ್ನು ಗುರುತಿಸುವುದು ಸುಲಭ, ಏಕೆಂದರೆ ಅದರ ವಿವರಗಳೇ ತಪ್ಪಿರುತ್ತವೆ. ಒಳಗಿನವರ ಚಿತ್ರಗಳಲ್ಲಿ ವಿವರಗಳು ಸರಿಯಾಗಿರುತ್ತವೆ, ತೊಡಕು ಇರುವುದೂ ಅಲ್ಲಿಯೇ. 1990ರ ‘ಗುಡ್‌ಫೆಲಾಸ್’ ಚಿತ್ರದಲ್ಲಿ ಮೂವರು ಕ್ರಿಮಿನಲ್‌ಗಳು, ಕಾರಿನ ಡಿಕ್ಕಿಯಲ್ಲಿ ಒಬ್ಬನ ದೇಹವನ್ನಿಟ್ಟುಕೊಂಡು, ಸಲಿಕೆ ತೆಗೆದುಕೊಂಡು ಹೋಗಲು ನಡುರಾತ್ರಿ ತಮ್ಮಲ್ಲೊಬ್ಬನ ತಾಯಿಯ ಮನೆಗೆ ಬರುತ್ತಾರೆ. ಆಕೆ ಅವರನ್ನು ಉಣ್ಣದೆ ಹೋಗಲು ಬಿಡುವುದಿಲ್ಲ. ಆ ತಾಯಿಯ ಪಾತ್ರವನ್ನು ಮಾಡಿದವರು ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ಸ್ವಂತ ತಾಯಿ ಕ್ಯಾಥರೀನ್. ಆಕೆಯ ಉಪಚಾರ, ಹುಸಿಮುನಿಸು, ಬಡಿಸುವ ಅವಸರ ಎಲ್ಲವೂ ಅಪ್ಪಟ. ಇಷ್ಟು ನಿಜವಾದ ಅಡುಗೆಮನೆಯನ್ನು ಕಂಡ ಪ್ರೇಕ್ಷಕ, ಹೊರಗೆ ನಿಂತಿರುವ ಕಾರೂ ಆ ಸಮುದಾಯದ ಬದುಕಿನ ಅಷ್ಟೇ ಸಹಜವಾದ ಭಾಗ ಎಂದು ಯೋಚಿಸದೆ ಒಪ್ಪಿಬಿಡುತ್ತಾನೆ. ಅಡುಗೆಮನೆಯ ನಿಜ ಬಂದೂಕಿನ ಉತ್ಪ್ರೇಕ್ಷೆಗೆ ಜಾಮೀನು ನಿಲ್ಲುತ್ತದೆ.

ಪುಜೊ ಅವರ ಕಥೆ ಇನ್ನೂ ವಿಚಿತ್ರ. ನ್ಯೂಯಾರ್ಕಿನ ಬಡ ಕೇರಿಯೊಂದರಲ್ಲಿ ಬೆಳೆದ ಅವರು, ಮಕ್ಕಳನ್ನು ಸಾಕಲು ಹೆಣಗುವ ವಲಸಿಗ ತಾಯಿಯೊಬ್ಬಳನ್ನು ಕುರಿತು ಮೊದಲೇ ‘ದಿ ಫಾರ್ಚುನೇಟ್ ಪಿಲ್‌ಗ್ರಿಮ್’ ಎಂಬ ಕಾದಂಬರಿಯನ್ನು ಬರೆದಿದ್ದರು. ವಿಮರ್ಶಕರು ಅದನ್ನು ಮೆಚ್ಚಿದರು, ಆದರೆ ಹಣ ಹುಟ್ಟಲಿಲ್ಲ. ಸಾಲದಲ್ಲಿದ್ದ ಅವರು ಮಾಫಿಯಾವನ್ನು ಕುರಿತು ಬರೆಯಲು ಕುಳಿತರು, ಅದೂ ನಿಜವಾದ ಗ್ಯಾಂಗ್‌ಸ್ಟರ್‌ನನ್ನು ಎಂದೂ ಭೇಟಿಯಾಗದೆ, ಓದಿ ತಿಳಿದುಕೊಂಡ ಮಾಹಿತಿಯ ಬಲದಿಂದ. ಇದನ್ನು ಅವರೇ ಒಪ್ಪಿಕೊಂಡಿದ್ದಾರೆ. ಆ ಕಾದಂಬರಿಯ ಮಾಫಿಯಾ ದೊರೆ ಡಾನ್ ವಿಟೊ ಬಾಯಿ ತೆರೆದಾಗಲೆಲ್ಲ ತಮ್ಮ ಕಿವಿಗೆ ಕೇಳುತ್ತಿದ್ದುದು ತಮ್ಮ ತಾಯಿಯ ದನಿ ಎಂದೂ ಬರೆದಿದ್ದಾರೆ. ನಿಷ್ಠೆ, ವಿವೇಕ, ಕುಟುಂಬಕ್ಕಾಗಿ ಏನನ್ನೂ ಮಾಡುವ ಕಾಠಿಣ್ಯ ಎಂದು ನಾವು ಡಾನ್‌ನಲ್ಲಿ ಮೆಚ್ಚುವ ಗುಣಗಳು ಹೀಗೆ ಬಂದದ್ದು ಒಬ್ಬ ಬಡ ತಾಯಿಯಿಂದ. ತಾಯಿಯಾಗಿದ್ದಾಗ ಆಕೆಯನ್ನು ಕೊಳ್ಳುವವರಿರಲಿಲ್ಲ, ಡಾನ್ ಆದಾಗ ಜಗತ್ತೇ ಕೊಂಡಿತು. ಇದರಲ್ಲಿ ಲೇಖಕನಿಗಿಂತ ಮಾರುಕಟ್ಟೆಯ ಹೊಣೆ ದೊಡ್ಡದೆಂದು ನನ್ನ ಅಭಿಪ್ರಾಯ.

ಆದ್ದರಿಂದ ಕೊಪೊಲ ಅಥವಾ ಸ್ಕಾರ್ಸೆಸಿಯವರನ್ನು ಸಮುದಾಯದ್ರೋಹಿಗಳೆಂದು ಜರೆಯುವುದು ಸರಿಯಲ್ಲ. ಒಂದು ಕೇರಿಯನ್ನು, ಒಂದು ತಲೆಮಾರನ್ನು, ಅದರೊಳಗಿನ ಒಂದು ಕಸುಬನ್ನು ಅವರು ಪ್ರಾಮಾಣಿಕವಾಗಿಯೇ ಚಿತ್ರಿಸಿದರು. ಅಂಥ ಹತ್ತು ಚಿತ್ರಗಳಿಗೆ ಹಣ ಹೂಡಿದವರು ಶಾಲೆಯ ಉಪಾಧ್ಯಾಯಿನಿಯ ಅಥವಾ ಬಸ್ ಚಾಲಕನ ಕಥೆಗೆ ಹೂಡಲು ಹಿಂಜರಿದಾಗ, ಆ ಹತ್ತು ಚಿತ್ರಗಳೇ ಸಮುದಾಯದ ಭಾವಚಿತ್ರವಾಗಿಬಿಟ್ಟವು.

ಪ್ರಶ್ನೆ: ಸಮುದಾಯದವರು ಇದನ್ನು ಪ್ರತಿಭಟಿಸಲಿಲ್ಲವೇ?

ಉತ್ತರ: ಪ್ರತಿಭಟಿಸಿದರು, ಮತ್ತು ಆ ಇತಿಹಾಸದಲ್ಲಿ ನಗು ತರಿಸುವ ಪ್ರಸಂಗಗಳೂ ಇವೆ. 1970ರಲ್ಲಿ ಹುಟ್ಟಿದ ಇಟಾಲಿಯನ್-ಅಮೆರಿಕನ್ ನಾಗರಿಕ ಹಕ್ಕುಗಳ ಲೀಗ್ ‘ದಿ ಗಾಡ್‌ಫಾದರ್’ ತಯಾರಿಕೆಯನ್ನು ತೀವ್ರವಾಗಿ ವಿರೋಧಿಸಿತು. ಕೊನೆಗೆ ನಿರ್ಮಾಪಕ ಆಲ್ಬರ್ಟ್ ರಡ್ಡಿ ಚಿತ್ರದಲ್ಲಿ ‘ಮಾಫಿಯಾ’ ಎಂಬ ಪದವನ್ನು ಬಳಸುವುದಿಲ್ಲವೆಂದು ಒಪ್ಪಿಕೊಂಡರು. ಚಿತ್ರಕಥೆಯಲ್ಲಿ ಆ ಪದ ಬೆರಳೆಣಿಕೆಯಷ್ಟೂ ಬಾರಿ ಇರದಿದ್ದುದರಿಂದ ಅವರಿಗೆ ನಷ್ಟವೇನೂ ಆಗಲಿಲ್ಲ. ಆದರೆ ಆ ಲೀಗನ್ನು ಕಟ್ಟಿದ ಜೋಸೆಫ್ ಕೊಲೊಂಬೊ ನ್ಯೂಯಾರ್ಕಿನ ಐದು ಮಾಫಿಯಾ ಕುಟುಂಬಗಳಲ್ಲೊಂದರ ಮುಖ್ಯಸ್ಥ. ಮಾಫಿಯಾ ಎಂಬುದೇ ಇಲ್ಲ ಎಂದು ವಾದಿಸುತ್ತಿದ್ದ ಆತ 1971ರ ಜೂನ್ 28ರಂದು ಲೀಗಿನ ಸಭೆಯಲ್ಲೇ ಗುಂಡೇಟು ತಿಂದು, ಮತ್ತೆ ಚೇತರಿಸಿಕೊಳ್ಳದೆ 1978ರಲ್ಲಿ ತೀರಿಕೊಂಡ. ಸಮುದಾಯದ ನಿಜವಾದ ನೋವು ಇಂಥ ವಕ್ತಾರನ ಕೈಗೆ ಸಿಕ್ಕಿದ್ದು ದೊಡ್ಡ ದುರದೃಷ್ಟ.

ಕಿರುತೆರೆಯಲ್ಲಿ 1999ರಿಂದ 2007ರವರೆಗೆ ಬಂದ, ಮಾಫಿಯಾ ಮುಖಂಡನೊಬ್ಬನ ಕಥೆಯಾದ ‘ದಿ ಸೊಪ್ರಾನೋಸ್’ ಧಾರಾವಾಹಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. 2002ರಲ್ಲಿ ನ್ಯೂಯಾರ್ಕಿನ ಮೇಯರ್ ಬ್ಲೂಮ್‌ಬರ್ಗ್ ಆ ಧಾರಾವಾಹಿಯ ಇಬ್ಬರು ಕಲಾವಿದರನ್ನು ಇಟಾಲಿಯನ್-ಅಮೆರಿಕನ್ನರು ನಡೆಸುವ ಕೊಲಂಬಸ್ ದಿನದ ಮೆರವಣಿಗೆಗೆ ಕರೆದಾಗ ಸಂಘಟಕರು ಒಪ್ಪಲಿಲ್ಲ. ಮೇಯರ್ ಮೆರವಣಿಗೆಯನ್ನೇ ಬಿಟ್ಟು ಆ ಕಲಾವಿದರೊಂದಿಗೆ ಅದೇ ನಗರದ ಬ್ರಾಂಕ್ಸ್‌ಗೆ ಊಟಕ್ಕೆ ಹೋದರು. ಇಷ್ಟಾಗಿಯೂ ಆ ಧಾರಾವಾಹಿಯನ್ನು ಸವಿದವರಲ್ಲಿ ಇಟಾಲಿಯನ್-ಅಮೆರಿಕನ್ನರೇ ಬಹಳ ಮಂದಿ ಇದ್ದರು. ತಮ್ಮ ಮನೆಯ ಮಾತು, ತಮ್ಮ ಅಜ್ಜಿಯ ಅಡುಗೆ ತೆರೆಯ ಮೇಲೆ ಕಾಣಲು ಮಾಫಿಯಾ ಕಥೆಯನ್ನು ಬಿಟ್ಟರೆ ಅವರಿಗೆ ಬೇರೆ ಜಾಗಗಳು ಹೆಚ್ಚಿರಲಿಲ್ಲ.

ನನಗನ್ನಿಸುವ ಮಟ್ಟಿಗೆ, ಪ್ರತಿಭಟನೆಗಿಂತ ಬಲವಾದ ಉತ್ತರ ದಾಖಲೆಗಳಲ್ಲಿದೆ. ಮಾಫಿಯಾದ ವಿರುದ್ಧ ಹೋರಾಡಿದವರಲ್ಲಿ ಮುಂಚೂಣಿಯಲ್ಲಿದ್ದವರೂ ಇಟಲಿ ಮೂಲದವರೇ. ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಜೋಸೆಫ್ ಪೆಟ್ರೊಸಿನೊ ಸುಲಿಗೆಕೋರರ ಜಾಡು ಹಿಡಿದು ಸಿಸಿಲಿಗೆ ಹೋಗಿ, 1909ರ ಮಾರ್ಚ್ 12ರಂದು ಪಲೆರ್ಮೊ ನಗರದಲ್ಲಿ ಕೊಲೆಯಾದರು. 1980ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕಿನ ಕುಟುಂಬಗಳ ಮುಖ್ಯಸ್ಥರನ್ನು ಕಟಕಟೆಗೆ ತಂದ ಸರ್ಕಾರಿ ವಕೀಲ ರುಡಾಲ್ಫ್ ಜೂಲಿಯಾನಿ. ಪೆಟ್ರೊಸಿನೊ ಅವರನ್ನು ಕುರಿತು 1960ರಲ್ಲಿ ‘ಪೇ ಆರ್ ಡೈ’ ಎಂಬ ಚಿತ್ರ ಬಂದಿತ್ತು. ಕಪೋನ್ ಹೆಸರು ಗೊತ್ತಿರುವ ಎಷ್ಟು ಜನರಿಗೆ ಅವರ ಹೆಸರು ಗೊತ್ತು?

ಪ್ರಶ್ನೆ: ಮಾಫಿಯಾವನ್ನು ಬದಿಗಿಡೋಣ. ಒಗ್ಗಟ್ಟಿನ ಕುಟುಂಬ, ಭಾನುವಾರದ ಊಟ, ಚರ್ಚ್, ಡಿಸ್ಕೋ ಕುಣಿಯುವ ಹುಡುಗರು, ಕಪ್ಪುಜನರ ಬಗ್ಗೆ ಅಸಹನೆ, ಇವೆಲ್ಲ ನಿಜವೇ?

ಉತ್ತರ: ಒಗ್ಗಟ್ಟಿನ ವಿಷಯದಲ್ಲಿ ಸಿನಿಮಾಕ್ಕೆ ವೈದ್ಯಶಾಸ್ತ್ರದ ಸಾಕ್ಷ್ಯವೇ ಇದೆ. ಪೆನ್ಸಿಲ್ವೇನಿಯಾದ ರೊಸೆಟೊ ಎಂಬ ಪುಟ್ಟ ಊರು ದಕ್ಷಿಣ ಇಟಲಿಯ ಒಂದೇ ಹಳ್ಳಿಯಿಂದ ಬಂದು ಸ್ಲೇಟುಕಲ್ಲಿನ ಗಣಿಗಳಲ್ಲಿ ದುಡಿದವರು ಕಟ್ಟಿಕೊಂಡದ್ದು. ಆ ಜನ ಕೊಬ್ಬಿನ ಊಟ ಮಾಡುತ್ತಿದ್ದರೂ, ಧೂಮಪಾನ ಮಾಡುತ್ತಿದ್ದರೂ ಅಲ್ಲಿ ಹೃದಯಾಘಾತದ ಸಾವುಗಳು ಪಕ್ಕದ ಊರುಗಳಿಗಿಂತ ಕಡಿಮೆ ಎಂಬುದು 1960ರ ದಶಕದಲ್ಲಿ ವೈದ್ಯರ ಗಮನಕ್ಕೆ ಬಂದಿತು. ಮೂರು ತಲೆಮಾರು ಒಂದೇ ಸೂರಿನಡಿ ಬಾಳುವ, ನೆರೆಹೊರೆಯವರು ಕಷ್ಟಕ್ಕಾಗುವ ರೀತಿಯೇ ಇದಕ್ಕೆ ಕಾರಣವೆಂದು ಅಧ್ಯಯನ ಮಾಡಿದವರು ಅಭಿಪ್ರಾಯಪಟ್ಟರು. ಮಕ್ಕಳು ಓದಿ, ದೂರದ ದೊಡ್ಡ ಮನೆಗಳಿಗೆ ಹೋದಂತೆ, 1970ರ ದಶಕದ ಹೊತ್ತಿಗೆ ಆ ವ್ಯತ್ಯಾಸವೂ ಕರಗಿತು. ಅಂದರೆ ಸಿನಿಮಾ ತೋರಿಸುವ ಕುಟುಂಬ ಒಂದು ಕಾಲಕ್ಕೆ ನಿಜ. ಇಂದು ಬಹುಪಾಲು ಇಟಾಲಿಯನ್-ಅಮೆರಿಕನ್ನರು ಬೇರೆ ಮೂಲದವರನ್ನು ಮದುವೆಯಾಗಿ, ಎಲ್ಲರಂತೆ ಉಪನಗರಗಳಲ್ಲಿ ನೆಲೆಸಿದ್ದಾರೆ. ಇಟಲಿಯ ಅಡುಗೆಯೆಂದು ಚಿತ್ರಗಳಲ್ಲಿ ಕಾಣುವ ಸ್ಪಾಗೆಟ್ಟಿಯ ಮೇಲಿನ ಮಾಂಸದ ಉಂಡೆಗಳೂ ಅಮೆರಿಕದಲ್ಲಿ, ಮಾಂಸ ಅಗ್ಗವಾಗಿ ಸಿಕ್ಕ ಮೇಲೆ ರೂಢಿಗೆ ಬಂದ ಜೋಡಿ.

ಡಿಸ್ಕೋ ಹುಡುಗನ ಕಥೆ ಮಾತ್ರ ಮೋಜಿನದು. 1977ರ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರಕ್ಕೆ ಆಧಾರ ಹಿಂದಿನ ವರ್ಷ ‘ನ್ಯೂಯಾರ್ಕ್’ ಪತ್ರಿಕೆಯಲ್ಲಿ ಬಂದ ನಿಕ್ ಕೋನ್ ಅವರ ವರದಿ. ಬ್ರೂಕ್ಲಿನ್ನಿನ ಇಟಾಲಿಯನ್ ಹುಡುಗನೆಂದು ತಾನು ವರ್ಣಿಸಿದ್ದು ನಿಜವಾಗಿ ಲಂಡನ್ನಿನಲ್ಲಿ ತನಗೆ ಪರಿಚಯವಿದ್ದ ಯುವಕನೊಬ್ಬನನ್ನು ನೆನೆದು ಕಟ್ಟಿದ್ದು ಎಂದು ಕೋನ್ ಬಹುಕಾಲದ ನಂತರ ಒಪ್ಪಿಕೊಂಡರು. ಅಷ್ಟರಲ್ಲಿ ಇಂಗ್ಲೆಂಡಿನ ಆ ಹುಡುಗನ ಠೀವಿ ಬ್ರೂಕ್ಲಿನ್ನಿನ ಇಟಾಲಿಯನ್ ಹುಡುಗರ ಗುರುತಾಗಿಹೋಗಿತ್ತು, ಕೆಲವರು ಅದನ್ನು ನೋಡಿ ಹಾಗೆಯೇ ನಡೆಯತೊಡಗಿದ್ದರು ಕೂಡ.

ಅಸಹನೆಯ ಪ್ರಶ್ನೆಯನ್ನು ಅಷ್ಟು ಹಗುರವಾಗಿ ಕಾಣುವಂತಿಲ್ಲ. 1989ರಲ್ಲಿ ಸ್ಪೈಕ್ ಲೀ ‘ಡು ದಿ ರೈಟ್ ಥಿಂಗ್’ ಚಿತ್ರದಲ್ಲಿ ಕಪ್ಪುಜನರ ಬಡಾವಣೆಯೊಂದರಲ್ಲಿ ಪಿಜ್ಜಾ ಅಂಗಡಿ ನಡೆಸುವ ಸಾಲ್ ಎಂಬವನನ್ನೂ ಅವನ ಇಬ್ಬರು ಮಕ್ಕಳನ್ನೂ ತೋರಿಸಿದಾಗ, ಇದು ಅತಿಯಾಯಿತೆಂದವರಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ಬ್ರೂಕ್ಲಿನ್ನಿನ ಬೆನ್ಸನ್‌ಹರ್ಸ್ಟ್ ಎಂಬ, ಹೆಚ್ಚಾಗಿ ಇಟಾಲಿಯನ್-ಅಮೆರಿಕನ್ನರಿದ್ದ ಬಡಾವಣೆಯಲ್ಲಿ ಬಿಳಿಯ ಯುವಕರ ಗುಂಪು ಅಡ್ಡಗಟ್ಟಿದ 16 ವರ್ಷದ ಕಪ್ಪು ಹುಡುಗನೊಬ್ಬ ಗುಂಡೇಟಿಗೆ ಬಲಿಯಾದ. ನೋವುಂಟುಮಾಡುವ ಚಿತ್ರಣವೆಲ್ಲ ಸುಳ್ಳಾಗಬೇಕಿಲ್ಲ. ಸಾಲ್ ಪಾತ್ರ ಪಡಿಯಚ್ಚಾಗದೆ ಉಳಿಯುವುದು ಅವನ ಮೃದುತನವನ್ನೂ ಸಿಡುಕನ್ನೂ ಚಿತ್ರ ಒಟ್ಟಿಗೆ ತೋರಿಸುವುದರಿಂದ. ಒಬ್ಬ ಮಗ ಕಪ್ಪುಜನರನ್ನು ದ್ವೇಷಿಸುತ್ತಾನೆ, ಇನ್ನೊಬ್ಬನಿಗೆ ಅವರಲ್ಲಿಯೇ ಸ್ನೇಹಿತರಿದ್ದಾರೆ. ಒಂದೇ ಮನೆಯೊಳಗಿನ ಈ ಭೇದವನ್ನು ಲೀ ಕಂಡಿದ್ದಾರೆ.

ಪ್ರಶ್ನೆ: ಹೆಚ್ಚು ನಂಬಬಹುದಾದ ಚಿತ್ರಗಳನ್ನು ಸೂಚಿಸುವಿರಾ?

ಉತ್ತರ: ಮೊದಲಿಗೆ ಸ್ಕಾರ್ಸೆಸಿಯವರೇ 1974ರಲ್ಲಿ ತಯಾರಿಸಿದ ‘ಇಟಾಲಿಯನ್ಅಮೆರಿಕನ್’ ಎಂಬ ಒಂದು ಗಂಟೆಗೂ ಕಡಿಮೆ ಅವಧಿಯ ಸಾಕ್ಷ್ಯಚಿತ್ರವನ್ನು ನೋಡಿ. ಅವರ ತಂದೆತಾಯಿ ತಮ್ಮ ಮನೆಯ ಸೋಫಾದಲ್ಲಿ ಕುಳಿತು, ಒಬ್ಬರ ಮಾತನ್ನೊಬ್ಬರು ತಿದ್ದುತ್ತ ಹಳೆಯ ದಿನಗಳನ್ನು ಹೇಳುತ್ತಾರೆ; ತಾಯಿ ಮಾಡುವ ಸಾಸಿನ ವಿಧಾನ ಚಿತ್ರದ ಕೊನೆಯಲ್ಲಿ ಕಲಾವಿದರ, ತಂತ್ರಜ್ಞರ ಹೆಸರುಗಳ ಜೊತೆಗೆ ಬರುತ್ತದೆ. ಬಂದೂಕಿಲ್ಲದ ಆ ಅಡುಗೆಮನೆಯನ್ನು ನೋಡಿದ ಮೇಲೆ ‘ಗುಡ್‌ಫೆಲಾಸ್’ ಚಿತ್ರವನ್ನು ಮತ್ತೊಮ್ಮೆ ನೋಡಿದರೆ ಅದರ ಕೌಶಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಸಿಸಿಲಿಯಲ್ಲಿ ಹುಟ್ಟಿದ ಫ್ರಾಂಕ್ ಕಾಪ್ರಾ 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರದಲ್ಲಿ ಮಾರ್ಟಿನಿ ಕುಟುಂಬ ಸ್ವಂತ ಮನೆಗೆ ಹೋಗುವುದನ್ನು ತೋರಿಸುತ್ತಾರೆ. ಅಂಥ ಜನರನ್ನು ಬೆಳ್ಳುಳ್ಳಿ ತಿನ್ನುವವರೆಂದು ಹೀಯಾಳಿಸುವವನು ಆ ಚಿತ್ರದ ಖಳನಾಯಕ. ಪಾತ್ರ ಸಣ್ಣದು, ಆದರೆ ನಿರ್ದೇಶಕ ಯಾರ ಪಕ್ಷವೆಂಬುದು ಸ್ಪಷ್ಟ.

1955ರ ‘ಮಾರ್ಟಿ’ ಬ್ರಾಂಕ್ಸ್‌ನ ಒಬ್ಬ ಮಾಂಸದಂಗಡಿಯವನ ಕಥೆ. ಮೂವತ್ತು ದಾಟಿದರೂ ಮದುವೆಯಾಗದೆ ತಾಯಿಯೊಂದಿಗಿರುವ, ತನ್ನ ರೂಪದ ಬಗ್ಗೆ ನಾಚುವ ಸಜ್ಜನನೊಬ್ಬನ ಈ ಕಥೆ ಅತ್ಯುತ್ತಮ ಚಿತ್ರಕ್ಕೆ ಆಸ್ಕರ್ ಪಡೆಯಿತು. ಪಾತ್ರ ವಹಿಸಿದ ಅರ್ನೆಸ್ಟ್ ಬೋರ್ಗ್‌ನೈನ್ ಸ್ವತಃ ಇಟಲಿ ಮೂಲದವರು. 1996ರ ‘ಬಿಗ್ ನೈಟ್’ ಚಿತ್ರದಲ್ಲಿ ಊಟದ ಮನೆ ನಡೆಸುವ ಸೋದರರಿಬ್ಬರು ನಿಜವಾದ ಇಟಲಿಯ ಅಡುಗೆಯನ್ನು ಬಡಿಸಲು ಹೋಗಿ ಸೋಲುತ್ತಿರುತ್ತಾರೆ, ಗಿರಾಕಿಗಳು ನಿರೀಕ್ಷಿಸುವುದನ್ನೇ ಬಡಿಸುವ ಎದುರಿನವನು ಹಣ ಮಾಡುತ್ತಿರುತ್ತಾನೆ. 1987ರ ‘ಮೂನ್‌ಸ್ಟ್ರಕ್’ ಸ್ವಲ್ಪ ಅತಿರಂಜಿತವೇ ಸರಿ, ಆದರೂ ಅದರ ಪಾತ್ರಗಳಲ್ಲಿ ಕೊಳಾಯಿ ಕೆಲಸದ ಗುತ್ತಿಗೆದಾರನಿದ್ದಾನೆ, ಬ್ರೆಡ್ ಸುಡುವವನಿದ್ದಾನೆ, ಲೆಕ್ಕಪತ್ರ ನೋಡುವ ಹೆಂಗಸಿದ್ದಾಳೆ.

ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ನ್ಯಾನ್ಸಿ ಸವೋಕಾ ಅವರ 1989ರ ‘ಟ್ರೂ ಲವ್’ ಎನ್ನುತ್ತೇನೆ. ಗಂಡಸರ ಬಂದೂಕಿನ ಕಥೆಗಳೇ ತುಂಬಿರುವ ಈ ವರ್ಗದಲ್ಲಿ ಹೆಂಗಸೊಬ್ಬರು ಬ್ರಾಂಕ್ಸ್‌ನ ಒಂದು ಮದುವೆಯನ್ನು ಸಿದ್ಧತೆಯಿಂದ ಮೊದಲಿಟ್ಟು ಆರತಕ್ಷತೆಯವರೆಗೆ ಬಿಡದೆ ಹಿಂಬಾಲಿಸಿದ್ದಾರೆ. ಮದುವೆಯ ರಾತ್ರಿಯೂ ಗೆಳೆಯರೊಂದಿಗೆ ಸುತ್ತಾಡಿ ಬರುತ್ತೇನೆಂದು ವರ ಹೇಳುತ್ತಾನೆ, ವಧು ಶೌಚಾಲಯದಲ್ಲಿ ಕುಳಿತು ಅಳುತ್ತಾಳೆ, ಹೊರಗೆ ನೆಂಟರು ಉಣ್ಣುತ್ತಿರುತ್ತಾರೆ. ಇಡೀ ಚಿತ್ರದಲ್ಲಿ ಕೊಲೆ ಎಂಬುದೇ ಇಲ್ಲ.